ಕೀಲಿಮಣೆಯ ಮ್ಯಾಕ್ರೋ: ಮೂರು ಲಿಪಿಗಳ ನಡುವೆ ಅದರ ಪುನರಾವರ್ತನೆಯ ವಿಧಗಳು

ತಾಳವಾಡಿ ಬೆಟ್ಟದ ಶಾಲೆಗಳಲ್ಲಿ ಪಾಠ ಹೇಳುವ ನಮಗೆ ಮೂರು ಲಿಪಿಗಳ ಬರವಣಿಗೆ ತಪ್ಪಿದ್ದಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಈ ಸೀಮೆಯು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿಯೇ ಉಳಿಯಿತು. 1979ರಲ್ಲಿ ಆ ಜಿಲ್ಲೆಯನ್ನು ಒಡೆದು ಪೆರಿಯಾರ್ ಜಿಲ್ಲೆಯನ್ನು ಮಾಡಿದಾಗ ಅದಕ್ಕೆ ಸೇರಿತು; ಆ ಜಿಲ್ಲೆಗೇ ಈಗ ಈರೋಡು ಎಂದು ಹೆಸರು. ಮನೆಯಲ್ಲಿ, ಸಂತೆಯಲ್ಲಿ, ತರಗತಿಯಲ್ಲಿ ನಮ್ಮದು ಕನ್ನಡ. ಕಚೇರಿಯ ವ್ಯವಹಾರ ತಮಿಳು. ಗಣಕದಲ್ಲಿ ತುಂಬಬೇಕಾದ ನಮೂನೆಗಳು ಬಹುಮಟ್ಟಿಗೆ ಇಂಗ್ಲಿಷ್. ಒಂದೇ ಮಗುವಿನ ಹೆಸರನ್ನು ಒಂದೇ ದಿನ ಮೂರು ಲಿಪಿಗಳಲ್ಲಿ ಬರೆಯುವ ಪ್ರಸಂಗ ನಮಗೆ ಹೊಸದಲ್ಲ.

ಬೆರಳಚ್ಚು ಯಂತ್ರದ ಕಾಲದಲ್ಲಿ ಲಿಪಿಗೊಂದು ಯಂತ್ರ ಬೇಕಾಗಿತ್ತು. ಈಗ ಒಂದೇ ಕೀಲಿಮಣೆಯಲ್ಲಿ ಮೂರನ್ನೂ ಬರೆಯಬಹುದು. ಅಷ್ಟೇ ಅಲ್ಲ, ಬಳಸುವವನು ತನಗೆ ಬೇಕಾದಂತೆ ಕೀಲಿಗಳ ಕೆಲಸವನ್ನು ಬದಲಾಯಿಸಿಕೊಳ್ಳುವ ಕೀಲಿಮಣೆಗಳೂ ಬಂದಿವೆ. ಅವುಗಳಲ್ಲಿ ಮ್ಯಾಕ್ರೋ ಎಂಬುದೊಂದು ಸೌಕರ್ಯವುಂಟು. ಹತ್ತಾರು ಕೀಲಿಯೊತ್ತುಗಳನ್ನು ಒಮ್ಮೆ ಕಲಿಸಿಟ್ಟರೆ, ಆಮೇಲೆ ಒಂದು ಕೀಲಿಯನ್ನು ಒತ್ತಿದಾಗ ಅದು ಅವೆಲ್ಲವನ್ನೂ ತಾನೇ ನಡೆಸುತ್ತದೆ. ಈ ಸೌಕರ್ಯವನ್ನು ತಿಳಿದು ಬಳಸಿದರೆ ಸಂಜೆಯ ಒಂದು ಗಂಟೆ ಉಳಿಯುತ್ತದೆ. ತಿಳಿಯದೆ ಬಳಸಿದರೆ ಒಂದು ತರಗತಿಯ ದಾಖಲೆಯೇ ಕೆಡುತ್ತದೆ. ಎರಡನ್ನೂ ನಾವು ಅನುಭವಿಸಿದ್ದೇವೆ. ಸಾಹಿತ್ಯ ಸಂಶೋಧನೆಯ ಸಂಚಿಕೆಯಲ್ಲಿ ಇಂಥ ವಿಷಯಕ್ಕೆ ಎಡೆಯುಂಟೇ ಎಂದು ಕೆಲವರು ಕೇಳಬಹುದು. ಪಾಠವನ್ನು ಪ್ರತಿ ಮಾಡುವವನ ಕೈತಪ್ಪು ನಮ್ಮ ಹಸ್ತಪ್ರತಿ ಶಾಸ್ತ್ರದ ಮೊದಲ ಪ್ರಶ್ನೆಯಲ್ಲವೇ? ಇಲ್ಲಿ ಪ್ರತಿಕಾರನು ಯಂತ್ರ, ಅಷ್ಟೇ ಭೇದ.

1. ಮ್ಯಾಕ್ರೋ ಎಂದರೇನು

ಮ್ಯಾಕ್ರೋ ಎಂಬುದು ಗ್ರೀಕ್ ಮೂಲದ ಮಾತು. ದೀರ್ಘ, ದೊಡ್ಡದು ಎಂದು ಅದರ ಅರ್ಥ. ಒಂದು ಸಣ್ಣ ಅಪ್ಪಣೆಯಿಂದ ದೀರ್ಘವಾದ ಕೆಲಸವನ್ನು ಮಾಡಿಸುವುದರಿಂದ ಗಣಕಶಾಸ್ತ್ರದಲ್ಲಿ ಈ ಹೆಸರು ನಿಂತಿತು. 1976ರಲ್ಲಿ ಅಮೆರಿಕದ ಎಂ. ಐ. ಟಿ. ಸಂಸ್ಥೆಯಲ್ಲಿ ಹುಟ್ಟಿದ ಈಮ್ಯಾಕ್ಸ್ ಎಂಬ ಬರವಣಿಗೆಯ ತಂತ್ರಾಂಶದ ಹೆಸರಿನಲ್ಲಿಯೇ ಈ ಶಬ್ದ ಅಡಗಿದೆ. ಅಂದು ತಂತ್ರಾಂಶದಲ್ಲಿದ್ದ ಈ ಶಕ್ತಿ ಈಗ ಕೀಲಿಮಣೆಯ ಒಡಲಿಗೇ ಇಳಿದು ಬಂದಿದೆ.

ಕೀಲಿಮಣೆಯೊಳಗೆ ಒಂದು ಪುಟ್ಟ ಗಣಕವೇ ಇರುತ್ತದೆ. ಯಾವ ಕೀಲಿ ಒತ್ತಲ್ಪಟ್ಟಿತು, ಯಾವುದು ಬಿಡಲ್ಪಟ್ಟಿತು ಎಂಬುದನ್ನು ಅದು ದೊಡ್ಡ ಗಣಕಕ್ಕೆ ವರದಿ ಮಾಡುತ್ತದೆ. ಇದನ್ನು ನಡೆಸುವ ಒಳ ತಂತ್ರಾಂಶವನ್ನು ಬಳಸುವವರೇ ತಿದ್ದುವ ಹಾಗೆ ಕೆಲವು ಕೀಲಿಮಣೆಗಳಲ್ಲಿ ಬಿಟ್ಟಿದ್ದಾರೆ. ಕ್ಯೂಎಂಕೆ ಎಂಬುದು ಹೀಗೆ ಎಲ್ಲರಿಗೂ ಮುಕ್ತವಾದ ಒಂದು ಒಳ ತಂತ್ರಾಂಶ. ಅದರಲ್ಲಿ ಎರಡು ಬಗೆಯ ಮ್ಯಾಕ್ರೋಗಳುಂಟು. ಮೊದಲನೆಯದು, ಮೊದಲೇ ಬರೆದು ಕೀಲಿಮಣೆಯಲ್ಲಿ ಸ್ಥಿರವಾಗಿ ಇಡುವಂಥದು. ಎರಡನೆಯದು, ಕೆಲಸ ಮಾಡುತ್ತಿರುವಾಗಲೇ ‘ದಾಖಲಿಸು’ ಎಂಬ ಕೀಲಿಯನ್ನು ಒತ್ತಿ, ಬೇಕಾದ ಕೀಲಿಗಳನ್ನು ಒತ್ತಿ ತೋರಿಸಿ, ‘ನಿಲ್ಲಿಸು’ ಎಂದು ಮುಗಿಸುವಂಥದು. ಈ ಎರಡನೆಯ ಬಗೆಯವನ್ನು ಎರಡರವರೆಗೆ ಇಟ್ಟುಕೊಳ್ಳಬಹುದು. ಸಾಮಾನ್ಯವಾಗಿ ಎರಡೂ ಸೇರಿ 128 ಕೀಲಿಯೊತ್ತುಗಳ ಮಿತಿ. ಕೀಲಿಮಣೆಯ ತಂತಿಯನ್ನು ಕಿತ್ತರೆ ಅವು ಮರೆತುಹೋಗುತ್ತವೆ. ಬೆಟ್ಟದ ಮೇಲೆ ಕರೆಂಟು ಹೋಗಿ ಬರುವುದನ್ನು ಬಲ್ಲ ನಮ್ಮವರು ಇದನ್ನು ಗಮನದಲ್ಲಿಡಬೇಕು. ನಾಳೆಗೂ ಬೇಕಾದ ಮ್ಯಾಕ್ರೋವನ್ನು ಮೊದಲನೆಯ ಬಗೆಯಲ್ಲಿಯೇ ಮಾಡಿಟ್ಟುಕೊಳ್ಳುವುದು ಲೇಸು.

2. ಅದು ಅಕ್ಷರವನ್ನು ಅರಿಯದು

ಈ ಲೇಖನದ ಮುಖ್ಯ ಮಾತು ಇಲ್ಲಿದೆ. ಕೀಲಿಮಣೆಯು ಗಣಕಕ್ಕೆ ಕಳಿಸುವುದು ಅಕ್ಷರವನ್ನಲ್ಲ, ಕೀಲಿಯ ಸ್ಥಾನವನ್ನು. ಆ ಸ್ಥಾನಕ್ಕೆ ಯಾವ ಅಕ್ಷರ ಎಂದು ತೀರ್ಮಾನಿಸುವುದು ಗಣಕದಲ್ಲಿ ಆ ಹೊತ್ತಿಗೆ ಜಾರಿಯಲ್ಲಿರುವ ಭಾಷೆಯ ವಿನ್ಯಾಸ. ಆದುದರಿಂದ ಮ್ಯಾಕ್ರೋ ನೆನಪಿಡುವುದು ನಾವು ಬರೆದ ಶಬ್ದವನ್ನಲ್ಲ. ನಮ್ಮ ಬೆರಳು ನಡೆದ ದಾರಿಯನ್ನು.

ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸವನ್ನು ಆಧರಿಸಿದ ವಿನ್ಯಾಸವನ್ನೇ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಬಳಸುತ್ತದೆ. ಅದರಲ್ಲಿ ‘ಕನ್ನಡ’ ಎಂದು ಬರೆಯಲು ಐದು ಕೀಲಿಗಳು: ಇಂಗ್ಲಿಷಿನ ಕೆ, ಎನ್, ಎಫ್, ಎನ್, ಡಬ್ಲ್ಯೂ. ಕೆ ಎಂದರೆ ಕ, ಎನ್ ಎಂದರೆ ನ, ಎಫ್ ಎಂದರೆ ಒತ್ತಕ್ಷರವನ್ನು ಕೂಡಿಸುವ ಅರ್ಧಾಕ್ಷರದ ಗುರುತು, ಡಬ್ಲ್ಯೂ ಎಂದರೆ ಡ. ಈ ಐದನ್ನು ಒಂದು ಮ್ಯಾಕ್ರೋ ಆಗಿ ಕಲಿಸಿದೆವೆನ್ನೋಣ. ಗಣಕವು ಇಂಗ್ಲಿಷಿನಲ್ಲಿರುವಾಗ ಅದನ್ನು ಒತ್ತಿದರೆ ಅರ್ಥವಿಲ್ಲದ ಐದು ಇಂಗ್ಲಿಷ್ ಅಕ್ಷರಗಳು ಬೀಳುತ್ತವೆ. ತಪ್ಪು ಕಣ್ಣಿಗೆ ಕಾಣುತ್ತದೆ, ಅಳಿಸುತ್ತೇವೆ.

ಗಣಕವು ತಮಿಳಿನಲ್ಲಿದ್ದರೆ? ತಮಿಳುನಾಡು ಸರ್ಕಾರವು 1999ರಲ್ಲಿ ಮಾನ್ಯಮಾಡಿದ ‘ತಮಿಳ್ 99’ ವಿನ್ಯಾಸದಲ್ಲಿ ಕೆ ಸ್ಥಾನದಲ್ಲಿ ಮ, ಎನ್ ಸ್ಥಾನದಲ್ಲಿ ಲ, ಡಬ್ಲ್ಯೂ ಸ್ಥಾನದಲ್ಲಿ ಈ ಇವೆ. ಎಫ್ ಸ್ಥಾನದಲ್ಲಿ ಇರುವುದು ‘ಪುಳ್ಳಿ’, ಎಂದರೆ ತಮಿಳಿನ ಅರ್ಧಾಕ್ಷರದ ಚುಕ್ಕೆ. ಆದುದರಿಂದ ‘ಕನ್ನಡ’ವನ್ನು ಬರೆಯಲು ಕಲಿಸಿದ ಮ್ಯಾಕ್ರೋ ತಮಿಳು ಲಿಪಿಯಲ್ಲಿ ‘ಮಲ್ಲೀ’ ಎಂದು ಬರೆಯುತ್ತದೆ! ಒತ್ತಕ್ಷರ ಕೂಡಿದ್ದರಿಂದ ಅದು ಸರಿಯಾದ ಶಬ್ದದಂತೆಯೇ ತೋರುತ್ತದೆ. ಎರಡು ವಿನ್ಯಾಸಗಳೂ ಅರ್ಧಾಕ್ಷರದ ಕೆಲಸವನ್ನು ಒಂದೇ ಕೀಲಿಗೆ ಒಪ್ಪಿಸಿರುವುದರಿಂದ ಇಂಥ ವೇಷಧಾರಿ ಶಬ್ದಗಳು ಹುಟ್ಟುತ್ತವೆ. ಓಡುಗಣ್ಣಿಗೆ ಅವು ಸಿಕ್ಕುವುದಿಲ್ಲ.

ಇದಕ್ಕೆ ಪ್ರತಿಯಾದ ಉದಾಹರಣೆಯೂ ಉಂಟು. 1991ರ ಭಾರತೀಯ ಮಾನಕ 13194ರಲ್ಲಿ ಸೇರಿದ ‘ಇನ್‌ಸ್ಕ್ರಿಪ್ಟ್’ ಎಂಬ ವಿನ್ಯಾಸವು ಭಾರತದ ಲಿಪಿಗಳಿಗೆಲ್ಲ ಸಮಾನವಾದ ಸ್ಥಾನಗಳನ್ನು ಕೊಡುತ್ತದೆ. ಅದರಲ್ಲಿ ಕೆ ಎಂದರೆ ಕನ್ನಡದಲ್ಲೂ ತಮಿಳಿನಲ್ಲೂ ಕ. ಸಿ ಎಂದರೆ ಮ. ಎನ್ ಎಂದರೆ ಲ. ‘ಕಮಲ’ ಎಂಬ ಹೆಸರಿಗೆ ಮಾಡಿದ ಮ್ಯಾಕ್ರೋ ಎರಡು ಲಿಪಿಗಳಲ್ಲಿಯೂ ಕಮಲ ಎಂದೇ ಬರೆಯುತ್ತದೆ. ಆದರೆ ‘ಗೌರಿ’ ಎಂಬ ಹೆಸರನ್ನು ತೆಗೆದುಕೊಳ್ಳಿ. ತಮಿಳು ಲಿಪಿಯಲ್ಲಿ ಗಕಾರಕ್ಕೆ ಪ್ರತ್ಯೇಕ ಅಕ್ಷರವಿಲ್ಲ. ಕಕಾರವನ್ನೇ ಬರೆದು ಸಂದರ್ಭದಿಂದ ಓದಿಕೊಳ್ಳುವುದು ಆ ಲಿಪಿಯ ಪದ್ಧತಿ. ಗಕಾರದ ಸ್ಥಾನವು ಅಲ್ಲಿ ತಮಿಳು ವ್ಯಂಜನವನ್ನು ಕೊಡಲಾರದು. ಹೀಗಾಗಿ ಕಮಲಳಿಗೆ ನಡೆದ ಮ್ಯಾಕ್ರೋ ಗೌರಿಗೆ ನಡೆಯುವುದಿಲ್ಲ. ಒಂದು ಹೆಸರಿನಲ್ಲಿ ಸರಿಹೋಯಿತೆಂದು ಎಲ್ಲ ಹೆಸರುಗಳಿಗೂ ನಂಬಬಾರದು.

ದಿಂಬಂ ಘಟ್ಟದ 27 ತಿರುವುಗಳನ್ನು ನಾವೆಲ್ಲರೂ ಬಲ್ಲೆವು. ಬಣ್ಣಾರಿಯಿಂದ ಹೊರಟ ಡ್ರೈವರನು ಯಾವ ತಿರುವು ಎಡಕ್ಕೆ, ಯಾವುದು ಬಲಕ್ಕೆ ಎಂದು ಬಾಯಿಪಾಠ ಮಾಡಿಕೊಂಡು, ಕಣ್ಣು ಮುಚ್ಚಿ ನಡೆಸುವನೆಂದು ಭಾವಿಸಿ. ಬಣ್ಣಾರಿಯಿಂದಲೇ ಹೊರಟರೆ ಪಾಠ ಸರಿ. ನಡುವಣ ಒಂದು ತಿರುವಿನಿಂದ ಅದೇ ಪಾಠವನ್ನು ಆರಂಭಿಸಿದರೆ ಬಸ್ಸು ಕಣಿವೆಗೇ ಸರಿ. ಮ್ಯಾಕ್ರೋ ಇಂಥ ಡ್ರೈವರ. ಅದಕ್ಕೆ ಪರದೆಯ ಮೇಲಿನದು ಕಾಣದು. ಎಲ್ಲಿಂದ ಹೊರಟೆವು, ಯಾವ ಭಾಷೆಯಲ್ಲಿ ಹೊರಟೆವು ಎಂಬುದನ್ನು ನೋಡಿಕೊಳ್ಳಬೇಕಾದವರು ನಾವು.

3. ಪುನರಾವರ್ತನೆಯ ವಿಧಗಳು

ಕಲಿಸಿದ ಮ್ಯಾಕ್ರೋವನ್ನು ಹೇಗೆ ನಡೆಸಬೇಕು ಎಂಬುದಕ್ಕೆ ಸಾಮಾನ್ಯವಾಗಿ ನಾಲ್ಕು ವಿಧಗಳುಂಟು. ಎಲ್ಲ ಕೀಲಿಮಣೆಗಳಲ್ಲೂ ನಾಲ್ಕೂ ಇರುವುದಿಲ್ಲ; ಹೆಸರುಗಳೂ ಬೇರೆ ಬೇರೆ. ತತ್ತ್ವ ಮಾತ್ರ ಒಂದೇ.

ಮೊದಲನೆಯದು ಒಂದಾವರ್ತಿ. ಒಮ್ಮೆ ಒತ್ತಿದರೆ ಒಮ್ಮೆ ನಡೆದು ನಿಲ್ಲುತ್ತದೆ. ಕೀಲಿಯನ್ನು ಒತ್ತಿಯೇ ಹಿಡಿದಿದ್ದರೂ ಮತ್ತೆ ನಡೆಯದು. ಶಾಲೆಯ ವಿಳಾಸ, ಪತ್ರದ ಒಕ್ಕಣೆ, ಪದೇ ಪದೇ ಬರುವ ಊರ ಹೆಸರು ಇವಕ್ಕೆ ಇದೇ ಯೋಗ್ಯ. ನಮ್ಮ ಗಾಜನೂರಿನ ಹೆಸರನ್ನು ನಾಡಿಗೆಲ್ಲ ಪರಿಚಯಿಸಿದ ಡಾ. ರಾಜ್‌ಕುಮಾರ್ ಅವರ ಹೆಸರನ್ನು ಯೂನಿಕೋಡಿನಲ್ಲಿ ಸರಿಯಾಗಿ ಬರೆಯಬೇಕಾದರೆ ಜಕಾರಕ್ಕೂ ಕಕಾರಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಬಿಡಿಸುವ ಗುರುತನ್ನು ಹಾಕಬೇಕು. ಇಲ್ಲದಿದ್ದರೆ ಕಕಾರವು ಜಕಾರದ ಕೆಳಗೆ ಒತ್ತಾಗಿ ‘ರಾಜ್ಕುಮಾರ್’ ಎಂದಾಗುತ್ತದೆ. ಅನೇಕರು ಆ ಗುರುತನ್ನು ಹಾಕುವ ಬಗೆಯನ್ನೇ ಮರೆಯುತ್ತಾರೆ. ಅದನ್ನು ಸೇರಿಸಿ ಒಂದು ಒಂದಾವರ್ತಿ ಮ್ಯಾಕ್ರೋ ಮಾಡಿಟ್ಟುಕೊಂಡರೆ ಹೆಸರು ಎಂದಿಗೂ ಕೆಡದು.

ಎರಡನೆಯದು ಹಿಡಿದಷ್ಟು ಹೊತ್ತು. ಕೀಲಿಯನ್ನು ಒತ್ತಿ ಹಿಡಿದಿರುವವರೆಗೆ ಮ್ಯಾಕ್ರೋ ಮತ್ತೆ ಮತ್ತೆ ನಡೆಯುತ್ತದೆ, ಬೆರಳೆತ್ತಿದರೆ ನಿಲ್ಲುತ್ತದೆ. ಉದ್ದವಾದ ಪಟ್ಟಿಯಲ್ಲಿ ಸಾಲಿನಿಂದ ಸಾಲಿಗೆ ಇಳಿಯುತ್ತ ಒಂದೇ ಬಗೆಯ ಗುರುತು ಹಾಕಲು ಇದು ಅನುಕೂಲ. ಕಣ್ಣು ಪರದೆಯ ಮೇಲೆ, ಬೆರಳು ಕೀಲಿಯ ಮೇಲೆ ಇರುತ್ತದೆ. ಆದರೆ ಬೆರಳೆತ್ತಿದಾಗ ಆ ಸುತ್ತನ್ನು ಪೂರೈಸಿ ನಿಲ್ಲುತ್ತದೆಯೋ, ನಡುವಿನಲ್ಲಿಯೇ ಕಡಿದು ನಿಲ್ಲುತ್ತದೆಯೋ ಎಂಬುದನ್ನು ನಿಮ್ಮ ಕೀಲಿಮಣೆಯಲ್ಲಿ ಮೊದಲೇ ಪರೀಕ್ಷಿಸಬೇಕು. ನಡುವಿನಲ್ಲಿ ಕಡಿಯುವುದಾದರೆ ಅರ್ಧ ಹೆಸರು ಉಳಿದೀತು. ಶಿಫ್ಟ್ ಕೀಲಿಯು ಒತ್ತಿದಂತೆಯೇ ಉಳಿದು ಮುಂದಿನ ಬರವಣಿಗೆಯೂ ಕೆಟ್ಟೀತು. ಹಾಗಾದಾಗ ಶಿಫ್ಟನ್ನು ಒಮ್ಮೆ ಕೈಯಿಂದ ಒತ್ತಿ ಬಿಟ್ಟು ನೋಡಬೇಕು.

ಮೂರನೆಯದು ಒತ್ತಿ ಆರಂಭ, ಒತ್ತಿ ನಿಲುಗಡೆ. ಒಮ್ಮೆ ಒತ್ತಿದರೆ ನಡೆಯಲು ತೊಡಗುತ್ತದೆ. ಮತ್ತೊಮ್ಮೆ ಒತ್ತುವವರೆಗೆ ನಿಲ್ಲದು. ನಾಲ್ಕರಲ್ಲಿ ಅತ್ಯಂತ ಅಪಾಯಕರವಾದದ್ದು ಇದೇ. ಗಾಣಕ್ಕೆ ಎತ್ತು ಕಟ್ಟಿ ಗಾಣಿಗನು ಸಂತೆಗೆ ಹೋದಂತೆ. ದಾಖಲೆಯ ಕೆಲಸದಲ್ಲಿ ಇದನ್ನು ಬಳಸಲೇಬಾರದೆಂಬುದು ನಮ್ಮ ಮತ.

ನಾಲ್ಕನೆಯದು ಎಣಿಕೆಯ ವಿಧ. ಇಷ್ಟು ಸಲ ಎಂದು ಮೊದಲೇ ಗೊತ್ತುಮಾಡಿದರೆ ಅಷ್ಟೇ ಸಲ ನಡೆದು ನಿಲ್ಲುತ್ತದೆ. ತರಗತಿಯಲ್ಲಿ 38 ಮಕ್ಕಳಿದ್ದರೆ 38 ಸಲ. ನಮ್ಮ ಕೆಲಸಕ್ಕೆ ಇದು ಬಹಳ ಒಪ್ಪುತ್ತದೆ. ಆದರೆ ಹಾಜರಿಯ ಸಂಖ್ಯೆ ಬದಲಾದಾಗ ಎಣಿಕೆಯನ್ನೂ ಬದಲಾಯಿಸಬೇಕು. ಕಳೆದ ತಿಂಗಳ ಸಂಖ್ಯೆಯನ್ನೇ ಹಾಗೆಯೇ ಬಿಡಬಾರದು.

ಇನ್ನು ಕೆಲವು ಕೀಲಿಮಣೆಗಳಲ್ಲಿ ಒತ್ತಿದಾಗ ಒಂದು ಕೆಲಸ, ಹಿಡಿದಿರುವಾಗ ಇನ್ನೊಂದು, ಬಿಟ್ಟಾಗ ಮತ್ತೊಂದು ಎಂದು ಮೂರು ಭಾಗ ಮಾಡುವುದುಂಟು. ನಮ್ಮ ಕೆಲಸಕ್ಕೆ ಅದರ ಅಗತ್ಯ ವಿರಳ. ಒಂದು ಮ್ಯಾಕ್ರೋದೊಳಗೆ ಇನ್ನೊಂದನ್ನು ಕರೆಯುವುದೂ ಸಾಧ್ಯ. ಆದರೆ ಮೊದಲನೆಯದು ಎರಡನೆಯದನ್ನೂ, ಎರಡನೆಯದು ಮೊದಲನೆಯದನ್ನೂ ಕರೆಯುವಂತೆ ಮಾಡಿದರೆ ಕೊನೆಯೇ ಇಲ್ಲ. ಆಗ ತಂತಿಯನ್ನು ಕಿತ್ತು ಮತ್ತೆ ಹಾಕುವುದೊಂದೇ ಉಪಾಯ.

4. ವೇಗದ ವಿಚಾರ

ಕೀಲಿಯೊತ್ತುಗಳ ನಡುವಣ ವಿರಾಮಕ್ಕೂ ಮೂರು ಪದ್ಧತಿಗಳುಂಟು. ನಾವು ಕಲಿಸುವಾಗ ಎಷ್ಟು ತಡೆದು ಒತ್ತಿದೆವೋ ಅಷ್ಟೇ ತಡೆದು ನಡೆಸುವುದು ಒಂದು. ಎಲ್ಲಕ್ಕೂ ಸಮಾನವಾದ ವಿರಾಮವನ್ನು ಕೊಡುವುದು ಎರಡು. ವಿರಾಮವೇ ಇಲ್ಲದೆ ಆದಷ್ಟು ಬೇಗ ನಡೆಸುವುದು ಮೂರು. ಮೂರನೆಯದು ಇಂಗ್ಲಿಷಿಗೆ ನಡೆದರೂ ಕನ್ನಡಕ್ಕೆ ಯಾವಾಗಲೂ ನಡೆಯದು. ಕನ್ನಡದಲ್ಲಿ ವ್ಯಂಜನ, ಅರ್ಧಾಕ್ಷರದ ಗುರುತು, ಮತ್ತೊಂದು ವ್ಯಂಜನ ಸೇರಿ ಒಂದಕ್ಷರವಾಗಬೇಕು. ಈ ಜೋಡಣೆಯನ್ನು ನಡುವೆ ನಿಂತ ತಂತ್ರಾಂಶ ಮಾಡುವಲ್ಲಿ, ಹಳೆಯ ಗಣಕಗಳಲ್ಲಿ ಒಂದು ಕೀಲಿಯೊತ್ತು ಜಾರಿಹೋದರೂ ಒತ್ತಕ್ಷರ ಬಿಡಿಯಾಗುತ್ತದೆ. ಆದುದರಿಂದ ಸಮಾನವಾದ ಅಲ್ಪ ವಿರಾಮವೇ ಕ್ಷೇಮ.

ಒಂದು ಲೆಕ್ಕವನ್ನು ನೋಡಿ. ‘ಕನ್ನಡ’ಕ್ಕೆ ಐದು ಕೀಲಿ, ಕೆಳಗಿನ ಸಾಲಿಗೆ ಇಳಿಯಲು ಎಂಟರ್ ಒಂದು, ಒಟ್ಟು ಆರು. ಒಂದೊಂದಕ್ಕೆ ಸೆಕೆಂಡಿನ ಸಾವಿರದಲ್ಲಿ 20 ಭಾಗದ ವಿರಾಮವಿಟ್ಟರೆ ಒಂದು ಸುತ್ತಿಗೆ 120 ಭಾಗ. 38 ಮಕ್ಕಳ ಸಾಲು ಐದು ಸೆಕೆಂಡಿನೊಳಗೆ ಮುಗಿಯುತ್ತದೆ. ಎಂಟು ಸೆಕೆಂಡಿನಲ್ಲಿ 66 ಸಾಲು.

5. ನಮ್ಮ ಅನುಭವ

ಈ ಲೆಕ್ಕವನ್ನು ನಾವು ಕಾಗದದ ಮೇಲೆ ಕಲಿಯಲಿಲ್ಲ. ಪಠ್ಯಪುಸ್ತಕಗಳ ಬೇಡಿಕೆಗಾಗಿ ಒಂದು ಪಟ್ಟಿಯನ್ನು ಸಿದ್ಧಪಡಿಸುತ್ತಿದ್ದೆವು. ಮೇಲೆ ಕನ್ನಡ ಮಾಧ್ಯಮದ ಒಂದು ತರಗತಿ, 38 ಮಕ್ಕಳು. ಅದರ ಕೆಳಗೆ ಮುಂದಿನ ತರಗತಿ, 23 ಮಕ್ಕಳು. ಅವರಲ್ಲಿ 7 ಮಂದಿ ತಮಿಳು ಮಾಧ್ಯಮದವರು. ‘ಮಾಧ್ಯಮ’ ಎಂಬ ಕಾಲಮಿನಲ್ಲಿ ಮೇಲಿನ 38 ಸಾಲಿಗೂ ‘ಕನ್ನಡ’ ಎಂದು ತುಂಬಲು ಮೂರನೆಯ ವಿಧದಲ್ಲಿ ಮ್ಯಾಕ್ರೋ ಒತ್ತಿದೆವು. ಅಷ್ಟರಲ್ಲಿ ಬಾಗಿಲಿಗೆ ಬಂದ ತಾಯಿಯೊಬ್ಬರು ಏನೋ ಕೇಳಿದರು. ತಿರುಗಿ ಉತ್ತರ ಹೇಳಿದೆವು. ಮತ್ತೆ ಪರದೆಯನ್ನು ನೋಡುವ ವೇಳೆಗೆ ಎರಡು ತರಗತಿಗಳೂ ಮುಗಿದು ಖಾಲಿ ಸಾಲುಗಳು ತುಂಬುತ್ತಿದ್ದವು. ಅಷ್ಟು ಸಾಲದೆಂಬಂತೆ, ಹಿಂದಿನ ಪತ್ರವನ್ನು ಬರೆಯುವಾಗ ಇಟ್ಟಿದ್ದ ತಮಿಳು ವಿನ್ಯಾಸವೇ ಜಾರಿಯಲ್ಲಿತ್ತು. ಕಾಲಮಿನ ತುಂಬ ‘ಮಲ್ಲೀ’.

ಆಮೇಲೆ ಮಾಡಿದ ತಪ್ಪು ಇದಕ್ಕಿಂತ ದೊಡ್ಡದು. ಹುಡುಕಿ ಬದಲಾಯಿಸುವ ಸೌಕರ್ಯದಿಂದ ಎಲ್ಲ ‘ಮಲ್ಲೀ’ಗಳನ್ನೂ ಒಂದೇ ಏಟಿಗೆ ‘ಕನ್ನಡ’ ಮಾಡಿ, ಸರಿಪಡಿಸಿದೆವೆಂದು ಹಗುರಾದೆವು. ಪಟ್ಟಿ ನೋಡಲು ಅಚ್ಚುಕಟ್ಟಾಗಿತ್ತು. ಆದರೆ ಕೆಳಗಿನ ತರಗತಿಯ ಆ ಏಳು ಮಕ್ಕಳು ತಮಿಳು ಮಾಧ್ಯಮದಿಂದ ಕನ್ನಡ ಮಾಧ್ಯಮಕ್ಕೆ ಬಂದುಬಿಟ್ಟಿದ್ದರು. ಪುಸ್ತಕ ಹಂಚುವ ದಿನ ಅವರಿಗೆ ಪುಸ್ತಕ ಕಡಿಮೆ ಬಿತ್ತು. ‘ಏನು ಸಾರ್, ನಮ್ಮ ಹುಡುಗನಿಗೆ ಮಾತ್ರ ಯಾಕೆ ಹೀಗೆ’ ಎಂದು ಒಬ್ಬ ತಂದೆ ಕೇಳಿದಾಗಲೇ ನಮಗೆ ನಡೆದದ್ದು ಹೊಳೆಯಿತು. ಗಡಿಯಲ್ಲಿ ಭಾಷೆಯ ಕಾಲಮು ಎಂಥ ಸೂಕ್ಷ್ಮವಾದದ್ದೆಂದು ಬಲ್ಲವರಿಗೆ ಆ ಪ್ರಶ್ನೆಯ ಭಾರ ತಿಳಿಯುತ್ತದೆ. ನಮ್ಮ ಮಕ್ಕಳ ಕನ್ನಡವನ್ನು ಯಾರಾದರೂ ಹೀಗೆ ಅಳಿಸಿದ್ದರೆ ನಾವು ಸುಮ್ಮನಿರುತ್ತಿದ್ದೆವೇ? ಯಂತ್ರದ ತಪ್ಪೆಂದು ಹೇಳಲು ಬಾಯಿ ಬರಲಿಲ್ಲ. ಅದು ಕಲಿಸಿದ್ದನ್ನೇ ಮಾಡಿತ್ತು.

6. ಹಾಡಿನ ಪಲ್ಲವಿ

ಸಂಶೋಧಕ ಮಿತ್ರರಿಗೂ ಒಂದು ಮಾತು. ನಮ್ಮ ಸುತ್ತಿನಲ್ಲಿ ದೇವರಗುಡ್ಡರು ಹಾಡುವ ಮಲೆಯ ಮಾದೇಶ್ವರನ ಕಾವ್ಯವನ್ನಾಗಲಿ, ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯವನ್ನಾಗಲಿ ಧ್ವನಿಮುದ್ರಿಸಿ ಬರೆದುಕೊಳ್ಳುವವರಿಗೆ ಸೊಲ್ಲು ಪದೇ ಪದೇ ಬರುತ್ತದೆ. ಅದನ್ನು ಮ್ಯಾಕ್ರೋ ಮಾಡಿ ಒಂದು ಕೀಲಿಗೆ ಕಟ್ಟುವ ಆಸೆ ಸಹಜ. ನಾವೂ ಹಾಗೆ ಮಾಡಿದ್ದೆವು. ಮುದ್ರಣವನ್ನು ಮತ್ತೊಮ್ಮೆ ಕೇಳಿದಾಗ ತಿಳಿಯಿತು: ಹಾಡುಗಾರನು ಸೊಲ್ಲನ್ನು ಎಲ್ಲ ಕಡೆಯೂ ಒಂದೇ ತೆರನಾಗಿ ಹೇಳಿರಲಿಲ್ಲ. ಒಂದೆಡೆ ಒಂದು ಸಂಬೋಧನೆಯನ್ನು ಬಿಟ್ಟಿದ್ದ. ಇನ್ನೊಂದೆಡೆ ಕಥೆಯ ಭಾವಕ್ಕೆ ತಕ್ಕಂತೆ ಒಂದು ಮಾತನ್ನು ಬದಲಾಯಿಸಿದ್ದ. ನಮ್ಮ ಮ್ಯಾಕ್ರೋ ಅವೆಲ್ಲವನ್ನೂ ಸಮ ಮಾಡಿ, ಇದ್ದ ಪಾಠಾಂತರಗಳನ್ನು ಸದ್ದಿಲ್ಲದೆ ಅಳಿಸಿತ್ತು. ಅಂಥಲ್ಲಿ ಮ್ಯಾಕ್ರೋವನ್ನು ಪುಟದ ತಲೆಬರಹಕ್ಕೆ, ಹಾಡಿದವರ ಊರು, ದಿನಾಂಕಗಳಿಗೆ ಬಳಸಬಹುದು. ಹಾಡಿನ ಒಡಲಿಗೆ ಕೈಬೆರಳೇ ಆಗಬೇಕು.

7. ಪಾಲಿಸಬೇಕಾದ ಕ್ರಮ

ಇಷ್ಟು ಪೆಟ್ಟು ತಿಂದ ಮೇಲೆ ನಾವು ಅನುಸರಿಸುತ್ತಿರುವ ಕ್ರಮವನ್ನು ಉಪಾಧ್ಯಾಯ ಮಿತ್ರರ ಮುಂದಿಡುತ್ತೇವೆ.

ಮ್ಯಾಕ್ರೋವನ್ನು ಒತ್ತುವ ಮುನ್ನ ಗಣಕವು ಯಾವ ಭಾಷೆಯಲ್ಲಿದೆ ಎಂದು ನೋಡಬೇಕು. ಭಾಷೆ ಬದಲಾಯಿಸುವ ಕೀಲಿಯನ್ನು ಮ್ಯಾಕ್ರೋದೊಳಗೇ ಸೇರಿಸಿದರೆ ಸಾಲದೇ ಎಂದು ಕೇಳಬಹುದು. ವಿಂಡೋಸಿನಲ್ಲಿ ವಿಂಡೋಸ್ ಕೀಲಿಯನ್ನೂ ಸ್ಪೇಸನ್ನೂ ಕೂಡಿ ಒತ್ತಿದರೆ ‘ಮುಂದಿನ’ ಭಾಷೆ ಬರುತ್ತದೆ. ಮೂರು ಭಾಷೆಗಳಿರುವಲ್ಲಿ ಮುಂದಿನದು ಯಾವುದೆಂಬುದು ಈಗ ಎಲ್ಲಿದ್ದೇವೆ ಎಂಬುದನ್ನು ಅವಲಂಬಿಸುತ್ತದೆ. ಪುನಃ ಘಟ್ಟದ ಕಥೆಯೇ. ಪ್ರತಿಯೊಂದು ಭಾಷೆಗೂ ಪ್ರತ್ಯೇಕವಾದ ಕೀಲಿಜೋಡಿಯನ್ನು ಗೊತ್ತುಮಾಡುವ ಏರ್ಪಾಡು ಅದರಲ್ಲಿಯೇ ಇದೆ. ಅದನ್ನು ಮಾಡಿಕೊಂಡು, ಆ ಜೋಡಿಯನ್ನೇ ಮ್ಯಾಕ್ರೋದ ಮೊದಲಿಗೆ ಇಟ್ಟರೆ ಎಲ್ಲಿದ್ದರೂ ಕನ್ನಡಕ್ಕೇ ಬರುತ್ತದೆ.

ಎರಡನೆಯದಾಗಿ, ಪಟ್ಟಿಯ ಕೆಲಸವಾದರೆ ಸಾಲಿನ ಒಂದು ಗೊತ್ತಾದ ಜಾಗದಿಂದ ಹೊರಟು, ಮುಂದಿನ ಸಾಲಿನ ಅದೇ ಜಾಗದಲ್ಲಿ ಬಂದು ನಿಲ್ಲುವಂತೆ ಮ್ಯಾಕ್ರೋವನ್ನು ಕಲಿಸಬೇಕು. ಮೂರನೆಯದಾಗಿ, ಮೊದಲು ಒಂದಾವರ್ತಿಯಲ್ಲಿ ಒಂದು ಸಾಲು, ಅದು ಸರಿಯಾದರೆ ಎಣಿಕೆಯಲ್ಲಿ ಮೂರು ಸಾಲು, ಆಮೇಲೆ ಉಳಿದದ್ದು. ನಾಲ್ಕನೆಯದಾಗಿ, ಕೆಲಸಕ್ಕೆ ಮುನ್ನ ಕಡತದ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಬೇಕು. ಕೆಟ್ಟರೆ ಕೆಟ್ಟ ಪಟ್ಟಿಯನ್ನು ತಿದ್ದಲು ಹೋಗದೆ ಹಳೆಯ ಪ್ರತಿಯಿಂದಲೇ ಮತ್ತೆ ಆರಂಭಿಸಬೇಕು. ನಮ್ಮ ಎರಡನೆಯ ತಪ್ಪು ಆದದ್ದು ಇದನ್ನು ಮಾಡದೆ. ಕಡೆಯದಾಗಿ, ಮಕ್ಕಳ ಹೆಸರು, ಹುಟ್ಟಿದ ದಿನ ಇವನ್ನು ಯಾವ ವಿಧದ ಮ್ಯಾಕ್ರೋಗೂ ಒಪ್ಪಿಸಬಾರದು. ವರ್ಗಾವಣೆ ಪತ್ರದಲ್ಲಿ ಬಿದ್ದ ಒಂದಕ್ಷರದ ತಪ್ಪು, ಇಲ್ಲಿಂದ ಚಾಮರಾಜನಗರಕ್ಕೋ ಸತ್ಯಮಂಗಲಕ್ಕೋ ಮುಂದಿನ ಓದಿಗೆ ಹೋಗುವ ಹುಡುಗನನ್ನು ಕಚೇರಿಯಿಂದ ಕಚೇರಿಗೆ ಅಲೆಸುತ್ತದೆ.

ಆ ಏಳು ಮಕ್ಕಳ ಸಾಲುಗಳನ್ನು ಮರುದಿನ ಬೆಳಿಗ್ಗೆ ಹಾಜರಿ ಪುಸ್ತಕವನ್ನು ಮುಂದಿಟ್ಟುಕೊಂಡು, ಒಬ್ಬರು ಓದಲು ಒಬ್ಬರು ಬರೆಯುತ್ತ, ಕೈಯಿಂದಲೇ ತಿದ್ದಿದೆವು. ಹತ್ತು ನಿಮಿಷವೂ ಹಿಡಿಯಲಿಲ್ಲ. ಪುಸ್ತಕಗಳು ಮಾತ್ರ ತಡವಾಗಿ ಬಂದವು; ಅಲ್ಲಿಯವರೆಗೆ ಆ ಮಕ್ಕಳು ಪಕ್ಕದವರ ಪುಸ್ತಕವನ್ನು ನೋಡಿ ಓದಿದರು. ಈ ಕೀಲಿಮಣೆಯನ್ನು ನಾವು ಇಂದಿಗೂ ಬಳಸುತ್ತೇವೆ. ಮೂರನೆಯ ವಿಧಕ್ಕೆ ಕಟ್ಟಿದ್ದ ಕೀಲಿಯನ್ನು ಮಾತ್ರ ಅಂದೇ ತೆಗೆದುಹಾಕಿದೆವು.